ಮಳೆಗಾಲದಲ್ಲಿ ‘ದ್ವೀಪ’ ನೋಡಿದ್ದು

ಕಾರವಾರ
ಭಾನುವಾರ, 13 ಜುಲೈ 2025

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಇಂಥ ಮಳೆಯಲ್ಲಿ ಯಾರು ಬರ್ತಾರೆ ಅಂತ ಹೆದರಿಕೊಂಡೇ ಮೂರು ಗಂಟೆಗೆ ಲೈಬ್ರರಿಗೆ ಹೋದೆ. ನೋಡಿದರೆ ಜಗಲಿಯಲ್ಲಿ ಆಗಲೇ ಹನ್ನೊಂದು ಕೊಡೆ ಬಿಚ್ಚಿಟ್ಟಿದ್ದರು. ಸಿನಿಮಾ ಶುರುವಾಗುವ ಹೊತ್ತಿಗೆ ಇಪ್ಪತ್ತಾರು ಜನ ಆದರು. ನನಗೆ ಕುಣಿಯುವಷ್ಟು ಖುಷಿ.

ತಿಂಗಳ ಎರಡನೇ ಭಾನುವಾರ ಪೇಪರ್ ಓದುವ ಕೋಣೆಯಲ್ಲಿ ಸಿನಿಮಾ ತೋರಿಸುತ್ತೇವೆ. ಹೆಚ್ಚು ಜನ ನೋಡದೇ ಉಳಿದುಹೋದ ಒಳ್ಳೆಯ ಕನ್ನಡ ಸಿನಿಮಾಗಳು. ಮೇಜುಗಳನ್ನು ಗೋಡೆಗೆ ಸರಿಸಿ, ಕಿಟಕಿಗೆ ಹಳೆ ಪೇಪರ್ ಅಂಟಿಸಿ, ಬಿಳಿ ಚಾದರ ಬಿಗಿದು ಕಟ್ಟಿದರೆ ಮುಗೀತು. ಟಿಕೆಟ್ ಇಲ್ಲ. ‘ಪುಕ್ಕಟೆ ಕೊಟ್ಟದ್ದಕ್ಕೆ ಜನ ಬೆಲೆ ಕೊಡಲ್ಲ’ ಅಂತ ಪರಿಚಯದವರೊಬ್ಬರು ಹೇಳಿದ್ದರು. ಇದು ಪುಕ್ಕಟೆ ಅಲ್ಲವೇ ಅಲ್ಲ. ಮನೆ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ, ರಸೀದಿ ತೆಗೆದು ನೋಡಿ. ಈ ಕೋಣೆ, ಈ ಕುರ್ಚಿ, ಈ ಫ್ಯಾನು ಎಲ್ಲ ನಮ್ಮದೇ.

ಹಾಗಂತ ಸುಮ್ನೆ ಮೊಬೈಲಿನಿಂದ ಹಾಕಿಬಿಡುವಂತಿಲ್ಲ. ಸಿನಿಮಾ ಬಿಡುಗಡೆಯಾಗಿ 60 ವರ್ಷದ ತನಕ ಹಕ್ಕು ಇರುತ್ತದೆ. ಹಕ್ಕು ಇದ್ದವರ ಒಪ್ಪಿಗೆ ಪತ್ರ ಕೈಗೆ ಬರುವವರೆಗೂ ಲೈಬ್ರರಿ ಸರ್ ಬೋರ್ಡಿನ ಮೇಲೆ ಸಿನಿಮಾದ ಹೆಸರು ಬರೆಯುವುದಿಲ್ಲ. ಅದು ಸರಿಯೇ.

ಇವತ್ತಿನದು ‘ದ್ವೀಪ’. ನಾ. ಡಿಸೋಜ ಅವರ ಕಾದಂಬರಿ, ಗಿರೀಶ ಕಾಸರವಳ್ಳಿ ಅವರ ನಿರ್ದೇಶನ, 2002ರ ಸಿನಿಮಾ. ಡಿಸೋಜ ಈ ಜನವರಿಯಲ್ಲಿ ತೀರಿಕೊಂಡಾಗಿನಿಂದ ಇದನ್ನು ತೋರಿಸಲೇಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಶರಾವತಿಯ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದ್ದನ್ನು ಹತ್ತಿರದಿಂದ ಕಂಡು ಬರೆದರು. ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ಮುಳುಗಡೆಯ ನೀರಿನ ನಡುವೆ ಮನೆ ಬಿಡದೆ ಉಳಿಯುವ ನಾಗಿಯ ಪಾತ್ರ ಮಾಡಿದ ಸೌಂದರ್ಯ ತಾವೇ ದುಡ್ಡು ಹಾಕಿ ನಿರ್ಮಿಸಿದ್ದರು. ಇಷ್ಟೆಲ್ಲ ಆದರೂ ಇದು ನಮ್ಮೂರಿನ ಟಾಕೀಸಿಗೆ ಬಂದ ನೆನಪು ನನಗಿಲ್ಲ. ನಾನೂ ನೋಡಿದ್ದು ವರ್ಷಗಳ ನಂತರ, ಮಗಳ ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ.

ನಾಗಿಯ ಮಾವ ದುಗ್ಗಜ್ಜ ಪರದೆ ಮೇಲೆ ಬಂದಾಗ ಹಿಂದಿನಿಂದ ಯಾರೋ ‘ಚೋಮ!’ ಅಂದರು. ಹೌದು, ‘ಚೋಮನ ದುಡಿ’ಯ ವಾಸುದೇವರಾವ್ ಅವರೇ. ಗುರುತು ಹಿಡಿದವರು ಇದ್ದಾರಲ್ಲ ಅಂತ ಸಮಾಧಾನ ಆಯಿತು.

ಅರ್ಧ ಗಂಟೆ ಕಳೆದಿರಬೇಕು, ಕರೆಂಟ್ ಹೋಯಿತು. ಪರದೆ ಮೇಲೆ ಜೋರು ಮಳೆ ಬರುತ್ತಿತ್ತು. ಅದು ನಿಂತಿತು, ತಗಡಿನ ಮೇಲೆ ಸುರಿಯುವ ನಮ್ಮ ಮಳೆ ನಿಲ್ಲಲಿಲ್ಲ. ಸದ್ದು ಒಂದೇ ಥರ ಇತ್ತು. ಹಾಗಾಗಿಯೋ ಏನೋ, ಒಬ್ಬರೂ ಏಳಲಿಲ್ಲ.

ಕತ್ತಲಲ್ಲಿ ಮುಂದಿನ ಸಾಲಿನಿಂದ ಒಂದು ದನಿ. ‘ನಮ್ಮ ಸೂಪಾನೂ ಹೀಗೇ ಮುಳುಗಿದ್ದು, ಅಕ್ಕೋರೆ.’

ಟಾರ್ಚ್ ಹಾಕಿದೆ. ಎಪ್ಪತ್ತು ದಾಟಿದ ಹೆಂಗಸು. ಮೊಮ್ಮಗಳ ಜೊತೆ ಬಂದಿದ್ದರು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಆ ಊರು ನೀರಿನಡಿ ಹೋಯಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಇಷ್ಟನ್ನು ನಾನು ಶಾಲೆಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅಲ್ಲಿ ಇದ್ದವರ ಬಾಯಿಂದ ಕೇಳಿದ್ದು ಇವತ್ತೇ.

‘ಹಂಚು ಇಳಿಸಿದ್ವಿ. ಪಕಾಸಿ, ಬಾಗಿಲು, ಚೌಕಟ್ಟು ಎಲ್ಲ ಕಿತ್ತು ಲಾರಿಗೆ ಹಾಕಿದ್ವಿ. ಬಾವಿ ಹ್ಯಾಗೆ ತರೋದು ಹೇಳಿ? ಅತ್ತೆ ಅದರ ರಾಟೆ ಒಂದನ್ನ ಬಿಚ್ಚಿಕೊಂಡು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ರು. ಹೊಸ ಜಾಗದಲ್ಲಿ ನಲ್ಲಿ. ರಾಟೆ ಎಲ್ಲಿ ಕಟ್ಟೋದು? ಹಾಗೇ ಮಾಡಿನ ಮೊಳೆಗೆ ನೇತು ಹಾಕಿದ್ವಿ. ಈಗಲೂ ಉಂಟು.’

ಮಾತಾಡುವಾಗ ಅವರ ಬಲಗೈ ಹಗ್ಗ ಎಳೆಯುವ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ ಅನಿಸುತ್ತದೆ.

ಮೂಲೆಯಲ್ಲಿ ಕೂತಿದ್ದ ಕಾಲೇಜು ಹುಡುಗ ಮೆಲ್ಲಗೆ ಕೇಳಿದ. ‘ಟೀಚರ್, ಈಗ ಹೋದ ಕರೆಂಟು ಬರೋದೂ ಅಲ್ಲಿಂದಲೇ ಅಲ್ವಾ?’ ಸೂಪಾದ ಬುಡದಲ್ಲಿ 100 ಮೆಗಾವ್ಯಾಟ್‌ನ ವಿದ್ಯುದಾಗಾರ ಇದೆ, ಕೆಳಗೆ ಕಾಳಿಯ ಮೇಲೆ ಕೊಡಸಳ್ಳಿ, ಕದ್ರಾ ಇವೆ. ಅಲ್ಲಿಂದಲೂ ಬರುತ್ತದೆ ಅಂದೆ. ಅವನು ಮತ್ತೆ ಮಾತಾಡಲಿಲ್ಲ. ಚಾ ಬಂತು. ಇಪ್ಪತ್ತು ನಿಮಿಷಕ್ಕೆ ಕರೆಂಟೂ ಬಂತು.

ಉಳಿದದ್ದನ್ನು ಎಲ್ಲರೂ ಬೇರೆಯೇ ಥರ ನೋಡಿದರು. ಪರಿಹಾರದ ಮಾತು ಬಂದ ಕಡೆಯೆಲ್ಲ ಕುರ್ಚಿಗಳು ಕಿರ್ ಅಂದವು. ಕೊನೆಯಲ್ಲಿ ನಾಗಿ ಅಷ್ಟು ಕಷ್ಟಪಟ್ಟು ಮನೆ ಉಳಿಸಿಕೊಂಡರೂ ಅವಳ ಗಂಡ ಗಣಪ ಎಲ್ಲವನ್ನೂ ದೇವರ ಲೆಕ್ಕಕ್ಕೆ ಹಾಕುತ್ತಾನಲ್ಲ, ಆಗ ಮೀನು ಮಾರಿ ಬಂದು ಬುಟ್ಟಿ ಬಾಗಿಲಲ್ಲೇ ಇಟ್ಟು ಕೂತಿದ್ದ ಇಬ್ಬರು ಹೆಂಗಸರು ಜೋರಾಗಿಯೇ ಅಂದರು, ‘ಅಯ್ಯೋ, ಇವಳ ಹೆಸರೇ ಎತ್ತಲಿಲ್ಲ!’ ಈ ಸಿನಿಮಾದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಒಂದು ಮಾತು ನನಗೆ ಜಾಸ್ತಿ. ಇಂಥ ಸಿನಿಮಾ ‘ನಮ್ಮ ಜನಕ್ಕೆ ಹಿಡಿಸಲ್ಲ, ನಿಧಾನ’ ಅನ್ನುವವರು ಇವತ್ತು ಆ ಕೋಣೆಯಲ್ಲಿ ಇರಬೇಕಿತ್ತು. ಹಿಡಿಸುವುದು ಬಿಡುವುದು ಆಮೇಲಿನ ಮಾತು. ಮೊದಲು ತೋರಿಸಬೇಕಲ್ಲ?

ಕುರ್ಚಿ ಜೋಡಿಸುವಾಗ ಸೂಪಾದ ಅಮ್ಮ ಬಾಗಿಲ ಹತ್ತಿರ ನಿಂತೇ ಇದ್ದರು. ‘ಆ ಹುಡುಗಿ ಈಗ ಎಲ್ಲಿದ್ದಾಳೆ?’ ಅಂತ ಕೇಳಿದರು. ಸೌಂದರ್ಯ 2004ರಲ್ಲಿ ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು ಅಂದೆ. ಅವರು ಹತ್ತಿರದ ಕುರ್ಚಿ ಎಳೆದು ಮತ್ತೆ ಕೂತುಬಿಟ್ಟರು.

‘ಅಷ್ಟು ನೀರಿನಲ್ಲಿ ಉಳಿದವಳು’ ಅಂದರು. ಮೊಮ್ಮಗಳು ಕೊಡೆ ಬಿಚ್ಚಿಕೊಂಡು ಕಾಯುತ್ತಿದ್ದಳು. ಆದರೂ ಸುಮಾರು ಹೊತ್ತು ಏಳಲಿಲ್ಲ.

ಆಗಸ್ಟ್ 10ಕ್ಕೆ ‘ಒಂದಾನೊಂದು ಕಾಲದಲ್ಲಿ’ ಹಾಕುವ ಆಸೆ. ಶಿರಸಿಯಲ್ಲಿ ಬೆಳೆದ ಕಾರ್ನಾಡರ ಸಿನಿಮಾ, ನಮ್ಮ ಹೊನ್ನಾವರದ ಕಡೆಯ ಶಂಕರನಾಗ್ ಮೊದಲ ಸಲ ನಟಿಸಿದ್ದು, 1978ರದ್ದು. ಶಂಕರನಾಗ್ ಫೋಟೋ ಇಲ್ಲದ ಆಟೋ ಇಲ್ಲ, ಈ ಸಿನಿಮಾ ನೋಡಿದವರು ಮಾತ್ರ ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ನಾಳೆ ಸೋಮವಾರ, ಲೈಬ್ರರಿಗೆ ರಜೆ. ಮಂಗಳವಾರ ಹೋಗಿ ಕೇಳಬೇಕು. ಹಾಗೇ ಚಾದರವನ್ನೂ ತರಬೇಕು, ಒಂದು ಬದಿ ನೆನೆದಿದೆ, ತೊಳೆದು ಒಣಗಿಸಬೇಕು.