ಮನಾಲಿಯಿಂದ ಕಾಜಾಗೆ ಬೈಕ್‌ನಲ್ಲಿ: ಟೈರ್ ಆರಿಸುವ ಮುಂಚೆ ಇದನ್ನು ಓದಿ

ಹಿಮಾಚಲದ ಮನಾಲಿಯಿಂದ ಸ್ಪಿತಿ ಕಣಿವೆಯ ಕಾಜಾಗೆ ಹೆಚ್ಚೂಕಡಿಮೆ 200 ಕಿಲೋಮೀಟರ್. ಅಟಲ್ ಸುರಂಗ ದಾಟುವವರೆಗೂ ಒಳ್ಳೆಯ ಡಾಂಬರು. ಆಚೆ ಲೋಸರ್ ದಾಟಿದ ಮೇಲೂ ರಸ್ತೆ ಪರವಾಗಿಲ್ಲ. ಟೈರಿಗೆ ನಿಜವಾದ ಪರೀಕ್ಷೆ ನಡುವಿನ ಗ್ರಾಂಫು, ಛತ್ರು, ಬತಾಲ್ ಭಾಗದಲ್ಲಿ. ಇಡೀ ಪ್ರವಾಸದ ಲೆಕ್ಕದಲ್ಲಿ ಅದು ಸಣ್ಣ ತುಂಡು. ಆದರೂ ಡಾಂಬರು, ಕಚ್ಚಾ ರಸ್ತೆ ಎರಡರಲ್ಲೂ ಓಡುವ ಡ್ಯುಯಲ್ ಸ್ಪೋರ್ಟ್ ಬೈಕಿಗೆ ಟೈರ್ ಆರಿಸುವಾಗ ಅದೇ ತುಂಡು ತಲೆಯಲ್ಲಿರಲಿ.

ಹೊರಡುವ ಮುಂಚೆ ಯಾರನ್ನು ಕೇಳಿದರೂ ದೊಡ್ಡ ಬಟನ್ ಟೈರ್, ಅಂದರೆ ಮೇಲೆಲ್ಲ ರಬ್ಬರಿನ ಉಬ್ಬುಗಳಿರುವ ಟೈರ್, ಹಾಕಿಸಿ ಅಂತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕೆಸರು, ಮರಳು ಆದರೆ ಬಟನ್ ಒಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಇಲ್ಲಿ ಜಾಸ್ತಿ ಇರುವುದು ಗುಂಡುಕಲ್ಲು. ಹಳ್ಳ ದಾಟುವ ಕಡೆಯಂತೂ ನೀರಿನಡಿ ತೆಂಗಿನಕಾಯಿ ಗಾತ್ರದ ಕಲ್ಲುಗಳು, ಮುಂದಿನ ಚಕ್ರ ತಾಗಿದರೆ ಸಾಕು, ಉರುಳುತ್ತವೆ. ಅಂಥ ಒದ್ದೆ ಕಲ್ಲಿನ ಮೇಲೆ ಬಟನ್ನಿಗೆ ಕಚ್ಚಲು ಏನೂ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಮೆತ್ತಗಿನ ರಬ್ಬರ್, ಸರಿಯಾದ ಗಾಳಿ ಮತ್ತು ಗಟ್ಟಿ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ.

ಮುಂದಿನ ಚಕ್ರಕ್ಕೆ 50/50 ಟೈರ್, ಅಂದರೆ ಡಾಂಬರಿಗೂ ಕಚ್ಚಾ ರಸ್ತೆಗೂ ಸಮಸಮ ಆಗುವಂಥದ್ದು, ಹಿಂದಕ್ಕೆ ಸ್ವಲ್ಪ ಡಾಂಬರಿನ ಕಡೆ ವಾಲಿದ್ದು. ನನ್ನ ಆಯ್ಕೆ ಇದು. ಹಿಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಸಂಭಾಳಿಸಬಹುದು, ಮುಂದಿನದು ಜಾರಿದರೆ ಬಿದ್ದ ಹಾಗೇ. ಇನ್ನು ಬೇಗ ಸವೆಯುವುದು ಎಂಜಿನ್ನಿನ ಜೋರು ತಡೆಯುವ ಹಿಂದಿನ ಟೈರ್. ದೂರದಿಂದ ಮನಾಲಿವರೆಗೂ ಓಡಿಸಿಕೊಂಡೇ ಬರುವವರು ಹಿಂದಕ್ಕೆ ದೊಡ್ಡ ಬಟನ್ ಹಾಕಿಸಿದರೆ, ಬಿಸಿ ಡಾಂಬರಿನ ಮೇಲೆ ಅದು ಸವೆದು, ಬೇಕಾದ ಜಾಗಕ್ಕೆ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿದಾಗಲೂ ಅದರ ಮೇಲೆ ನಂಬಿಕೆ ಕಮ್ಮಿ.

ಗಾಳಿಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಬತಾಲ್ ಹತ್ತಿರ ನಮ್ಮ ಜೊತೆಗಿದ್ದ ಒಬ್ಬರ ಬೈಕಿನ ಟ್ಯೂಬ್ ಹೊರಗೆ ತೆಗೆದಾಗ ಪಕ್ಕಪಕ್ಕದಲ್ಲೇ ಎರಡು ಸಣ್ಣ ಸೀಳು ಕಂಡವು. ಟೈರಲ್ಲಿ ಮೊಳೆ ಇಲ್ಲ, ಮುಳ್ಳಿಲ್ಲ. ಗಾಳಿ ತೀರಾ ಇಳಿಸಿದ್ದರಿಂದ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿದಿತ್ತು. ಮರಳಿಗೆ ಇಳಿಸುವಷ್ಟು ಗಾಳಿ ಕಲ್ಲಿಗೆ ಇಳಿಸಬಾರದು. ಟ್ಯೂಬ್ ಇರುವ ಬೈಕಾದರೆ ಕಂಪನಿ ಹೇಳಿದ್ದಕ್ಕಿಂತ ಮೂರು ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಮ್ಮಿ ಸಾಕು. ಲಗೇಜ್ ಜಾಸ್ತಿ ಇದ್ದರೆ ಹಿಂದೆ ಅಷ್ಟೂ ಬೇಡ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಿ.

ಬತಾಲ್ ಮತ್ತು ಲೋಸರ್ ನಡುವೆ ದಾಟಬೇಕಾದ ಕುಂಜುಮ್ ಲಾ ಕಣಿವೆದಾರಿ 4,500 ಮೀಟರಿಗಿಂತ ಎತ್ತರ. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಅದಕ್ಕೆ ಟೈರಿನ ಗಾಳಿ ಅಳೆಯುವ ಗೇಜ್ ಜಾಸ್ತಿ ತೋರಿಸುತ್ತದೆ. ಚಳಿ ಅದನ್ನು ಸ್ವಲ್ಪ ಇಳಿಸುತ್ತದೆ. ಕೆಳಗೆ ನೋಡಿದ ಅಂಕಿ ಮೇಲೆ ಇರುವುದಿಲ್ಲ, ಹಾಗಾಗಿ ಸಣ್ಣ ಗೇಜ್ ಒಂದು ಜೇಬಲ್ಲಿರಲಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡಿ.

ಟೈರ್ ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಹಳೇ ಸ್ಟಾಕ್ ಆಗಿದ್ದರೆ ರಬ್ಬರ್ ಗಟ್ಟಿಯಾಗಿರುತ್ತದೆ, ಬೇಡ ಅನ್ನಿ. ಹೊಸ ಟೈರನ್ನು ಹೊರಡುವ ಹಿಂದಿನ ದಿನ ಹಾಕಿಸಬೇಡಿ. ನೂರೈವತ್ತು ಕಿಲೋಮೀಟರಾದರೂ ಓಡಿ ಮೇಲಿನ ನುಣುಪು ಹೋಗಲಿ.

ಪಂಕ್ಚರ್ ಕಿಟ್, ಟೈರ್ ಬಿಚ್ಚುವ ಲಿವರ್, ಪಂಪ್ ಬೇಕೇ ಬೇಕು. ಅವನ್ನು ಬಳಸಿ ಒಮ್ಮೆ ಮನೆಯಲ್ಲೇ ಟೈರ್ ಬಿಚ್ಚಿ ಹಾಕಿ ನೋಡಿ. ಎರಡು ಟ್ಯೂಬ್ ಹೊರಲು ಜಾಗ ಇಲ್ಲ ಅಂದರೆ ಮುಂದಿನ ಚಕ್ರದ್ದು (21 ಇಂಚಿನದಾದರೆ) ಒಂದೇ ಸಾಕು, ಕಷ್ಟಕಾಲದಲ್ಲಿ ಅದನ್ನೇ ಹಿಂದಿನ ಚಕ್ರಕ್ಕೂ ತುರುಕಬಹುದು. ನಿಧಾನವಾಗಿ ಓಡಿಸಿಕೊಂಡು ಕಾಜಾ ಸೇರಿ, ಅಲ್ಲಿ ಸರಿ ಮಾಡಿಸಿ.

ಇನ್ನೊಂದು ಮಾತು: ಮನಾಲಿ ಬೆಳಗಾಗುವ ಮುಂಚೆ ಬಿಡಿ. ಬಿಸಿಲೇರಿದ ಹಾಗೆ ಹಿಮ ಕರಗಿ ಹಳ್ಳಗಳಲ್ಲಿ ನೀರು ಏರುತ್ತದೆ, ಮಧ್ಯಾಹ್ನದ ಮೇಲೆ ಯಾವ ಟೈರ್ ಇದ್ದರೂ ದಾಟುವುದು ಕಷ್ಟ.