ಸಾಲ ನೂರು ಹೆಸರಲ್ಲಿ, ದುಡ್ಡು ಒಂದೇ ಮರದಿಂದ

ಸದಸ್ಯರಿಂದ ಠೇವಣಿ ಪಡೆದು ಸದಸ್ಯರಿಗೇ ಸಾಲ ಕೊಡುವ ನಮ್ಮ ಸೌಹಾರ್ದ ಸಹಕಾರಿಯ ಆಡಳಿತ ಮಂಡಳಿ ಸಭೆಯಲ್ಲಿ ರಿಸ್ಕ್ ವರದಿ ಯಾವಾಗಲೂ ಕೊನೆಗೇ ಬರುತ್ತಿತ್ತು. ಕೊನೆಗೆ ಅಂದರೆ, ಹೊಸ ಶಾಖೆಯ ಬೋರ್ಡಿಗೆ ಯಾವ ಬಣ್ಣ ಅನ್ನೋ ಚರ್ಚೆ ಮುಗಿದು, ಸರ್ವಸದಸ್ಯರ ಸಭೆಯ ಊಟಕ್ಕೆ ಹೋಳಿಗೆಯೋ ಜಿಲೇಬಿಯೋ ಅಂತ ತೀರ್ಮಾನ ಆದ ಮೇಲೆ. 'ಅಧ್ಯಕ್ಷರ ಅಪ್ಪಣೆಯಂತೆ ಬರುವ ಇತರ ವಿಷಯಗಳು' ಎಂಬ ಸಾಲಿನ ಒಂದು ಮೆಟ್ಟಿಲು ಮೇಲೆ. ಅಷ್ಟು ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ, ಎಲ್ಲರಿಗೂ ಹಸಿವು. ಸಿಇಒ 'ಮಂಡಿಸಿದೆ' ಅನ್ನುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರು. ನಡವಳಿ ಪುಸ್ತಕದಲ್ಲಿ 'ಪರಿಶೀಲಿಸಿ ಅಂಗೀಕರಿಸಲಾಯಿತು' ಎಂದು ಬರೆದಾಗುತ್ತಿತ್ತು.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲೇ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತಳಾದವಳು. ಮಲೆನಾಡಿನ ನಮ್ಮ ಊರಿಗೆ ವಾಪಸ್ ಬಂದ ಮೇಲೆ, 'ನಿಮಗೆ ಲೆಕ್ಕ ಗೊತ್ತು, ಬನ್ನಿ ಮೇಡಂ' ಎಂದು ಕರೆದು ನಿರ್ದೇಶಕಿ ಮಾಡಿದರು. ಮೊದಲ ಸಭೆಯಲ್ಲೇ ಆ ರಿಸ್ಕ್ ವರದಿಯನ್ನು ಪೂರ್ತಿ ಓದಿದೆ. ಎರಡು ಪುಟ ಅಷ್ಟೇ. ನಾಲ್ಕು ಕಾಲಂ: ರಿಸ್ಕ್ ಏನು, ಸಾಧ್ಯತೆ ಎಷ್ಟು, ಪರಿಣಾಮ ಎಷ್ಟು, ಕ್ರಮ ಏನು. ಬೆಂಕಿ ಬಿದ್ದರೆ ವಿಮೆ ಇದೆ. ಕಳ್ಳತನಕ್ಕೆ ಸಿಸಿಟಿವಿ ಇದೆ. ಕಂಪ್ಯೂಟರ್ ಕೆಟ್ಟರೆ ಬ್ಯಾಕಪ್ ಇದೆ. ಸಾಲ ಸುಸ್ತಿಯಾದರೆ 'ವಸೂಲಾತಿ ಚುರುಕುಗೊಳಿಸುವುದು'. ಕೆಳಗೆ ಇನ್ನೊಂದು ಸಾಲು: 'ವಿದೇಶಿ ವಿನಿಮಯ ರಿಸ್ಕ್: ಕಡಿಮೆ.' ನಮ್ಮ ಸಹಕಾರಿ ಇವತ್ತಿನ ತನಕ ಒಂದು ಡಾಲರ್ ನೋಟು ಮುಟ್ಟಿಲ್ಲ. ಯಾವುದೋ ಸಿಟಿ ಬ್ಯಾಂಕಿನ ನಮೂನೆಯನ್ನು ಯಾರೋ ತಂದು, ಹೆಸರು ಬದಲಿಸಿ, ವರ್ಷಾವರ್ಷ ತಾರೀಕು ಮಾತ್ರ ತಿದ್ದುತ್ತಾ ಬಂದಿದ್ದರು.

ಆ ಎರಡು ಪುಟದಲ್ಲಿ ಎಲ್ಲೂ ಇಲ್ಲದ ಪದ ಒಂದಿತ್ತು. ಅಡಿಕೆ.

ನಗಬೇಡಿ. ದೊಡ್ಡವರ ಕಥೆ ಇದಕ್ಕಿಂತ ಚೆನ್ನಾಗೇನೂ ಇಲ್ಲ. ಐಎಲ್&ಎಫ್ಎಸ್ ಎಂಬ ದೊಡ್ಡ ಹಣಕಾಸು ಕಂಪನಿ ನೆನಪಿದೆಯಲ್ಲ? 2018ರಲ್ಲಿ ಕುಸಿದಾಗ ಆ ಗುಂಪಿನ ಸಾಲ ಸುಮಾರು 91,000 ಕೋಟಿ ರೂಪಾಯಿ. ಅದಕ್ಕೆ ರಿಸ್ಕ್ ಸಮಿತಿ ಇರಲಿಲ್ಲ ಅಂತಲ್ಲ, ಇತ್ತು. 2015ರಿಂದ 2018ರ ನಡುವೆ ಅದು ಸೇರಿದ್ದು ಒಂದೇ ಸಲ ಎನ್ನುವುದು ಆಮೇಲೆ ಹೊರಬಂತು. ಕೊನೆಗೆ ಸರ್ಕಾರವೇ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಿ ಹಳೆಯ ಮಂಡಳಿಯನ್ನು ಕಿತ್ತು ಹೊಸದನ್ನು ಕೂರಿಸಬೇಕಾಯಿತು. ಕಂಪನಿ ಕಾಯ್ದೆ 2013ರ 134ನೇ ಸೆಕ್ಷನ್ ಪ್ರಕಾರ, ಕಂಪನಿಯ ಅಸ್ತಿತ್ವಕ್ಕೇ ಕುತ್ತು ತರಬಹುದಾದ ರಿಸ್ಕ್ ಯಾವುದು ಎಂಬುದನ್ನು ನಿರ್ದೇಶಕರು ತಮ್ಮ ವಾರ್ಷಿಕ ವರದಿಯಲ್ಲಿ ಹೇಳಬೇಕು. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳಿಗೆ ಪ್ರತ್ಯೇಕ ರಿಸ್ಕ್ ಸಮಿತಿ ಬೇಕು ಎಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ. ಕಾಗದದಲ್ಲಿ ಯಾವುದಕ್ಕೂ ಕೊರತೆ ಇಲ್ಲ.

ನಮ್ಮ ವಿಷಯಕ್ಕೆ ಬರುತ್ತೇನೆ. ಸಾಲದ ಪಟ್ಟಿಯನ್ನು ಪ್ರಿಂಟ್ ತೆಗೆಸಿಕೊಂಡು ಮನೆಗೆ ತಂದೆ. ಅದರಲ್ಲಿ 'ಉದ್ದೇಶ' ಅಂತ ಒಂದು ಕಾಲಂ. ಮನೆ ಸಾಲ, ವಾಹನ ಸಾಲ, ವ್ಯಾಪಾರ ಸಾಲ, ಬಂಗಾರ ಸಾಲ, ಶಿಕ್ಷಣ, ಮದುವೆ. ನೋಡೋಕೆ ಎಷ್ಟು ಚೆಂದ, ಎಲ್ಲ ಬಣ್ಣದ ಸಾಲವೂ ಇದೆ. ನಾನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಕಾಲಂ ಎಳೆದೆ: ಕಂತು ಕಟ್ಟೋ ದುಡ್ಡು ಎಲ್ಲಿಂದ ಬರುತ್ತೆ?

ಬೊಲೆರೊ ಪಿಕಪ್ ತಗೊಂಡ ಹುಡುಗ ಹೊರೋದು ಅಡಿಕೆ ಮೂಟೆ. ಬಟ್ಟೆ ಅಂಗಡಿಯವರ ವ್ಯಾಪಾರ ಕುದುರೋದು ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಖರ್ಚಾಗೋದು ಔಷಧಿ ಹೊಡೆಯೋ ಪಂಪು, ಡ್ರಿಪ್ ಪೈಪು, ಮೈಲುತುತ್ತ. ಮಗಳ ಇಂಜಿನಿಯರಿಂಗ್ ಸಾಲಕ್ಕೆ ಅಪ್ಪನ ತೋಟದ ಪಹಣಿ. ಮನೆ ಸಾಲದಲ್ಲೂ ಮೇಷ್ಟ್ರುಗಳು, ಕೆಇಬಿ ನೌಕರರನ್ನು ಬಿಟ್ಟರೆ ಉಳಿದವರೆಲ್ಲ ತೋಟದವರೇ. ಪೆನ್ಸಿಲ್ ಕಾಲಂ ತುಂಬಿದ ಮೇಲೆ ಲೆಕ್ಕ ಹಾಕಿದರೆ, ಕೊಟ್ಟ ಹತ್ತು ರೂಪಾಯಿಯಲ್ಲಿ ಹತ್ತಿರ ಹತ್ತಿರ ಎಂಟು ರೂಪಾಯಿ ಅಡಿಕೆ ಮರದಿಂದಲೇ ವಾಪಸ್ ಬರಬೇಕಿತ್ತು.

2019ರಲ್ಲಿ ಮುಂಬೈನ ಪಿಎಂಸಿ ಸಹಕಾರಿ ಬ್ಯಾಂಕ್ ಮುಳುಗಿದಾಗ ನಾವೆಲ್ಲ ಬೆಚ್ಚಿದ್ದೆವು. ಕೊಟ್ಟ ಸಾಲದಲ್ಲಿ ಶೇ 70ಕ್ಕೂ ಜಾಸ್ತಿ ಒಂದೇ ಬಿಲ್ಡರ್ ಗುಂಪಿಗೆ ಹೋಗಿತ್ತು. ಅದು ಕಾಣಬಾರದು ಅಂತ 21,000ಕ್ಕೂ ಹೆಚ್ಚು ಸುಳ್ಳು ಖಾತೆ ಸೃಷ್ಟಿಸಿದ್ದರು. ನಮ್ಮಲ್ಲಿ ಒಂದೂ ಸುಳ್ಳು ಖಾತೆ ಇಲ್ಲ. ಪ್ರತಿ ಹೆಸರಿನ ಹಿಂದೆ ನಿಜವಾದ ಮನುಷ್ಯ ಇದ್ದಾನೆ, ಪೇಟೆಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾನೆ. ಅದಕ್ಕೇ ನಮಗೆ ಧೈರ್ಯ ಜಾಸ್ತಿ. 'ನಮ್ಮದು ಸಣ್ಣ ಸಣ್ಣ ಸಾಲ ಮೇಡಂ, ಯಾರೂ ಓಡಿ ಹೋಗಲ್ಲ.' ಓಡಿ ಹೋಗಲ್ಲ, ನಿಜ. ಆದರೆ ಎಲ್ಲರೂ ಒಂದೇ ವರ್ಷ ಕೈಚೆಲ್ಲಿ ಕೂತರೆ?

ಇದನ್ನು ಸಭೆಯಲ್ಲಿ ಇಟ್ಟಾಗ ಹಿರಿಯ ನಿರ್ದೇಶಕರೊಬ್ಬರು ನಕ್ಕರು. ಅವರದ್ದೇ ಎಂಟು ಎಕರೆ ತೋಟ. 'ಮೇಡಂ, ಬೆಳೆ ಕಡಿಮೆ ಆದ್ರೆ ಧಾರಣೆ ಏರುತ್ತೆ. ದೇವರು ಎರಡೂ ಕಡೆಯಿಂದ ಹೊಡೆಯಲ್ಲ.'

ಒಂದು ಕಾಲಕ್ಕೆ ಆ ಮಾತು ಸರಿ ಇತ್ತು. ಅಡಿಕೆ ಅಂದರೆ ಮಲೆನಾಡು, ಕರಾವಳಿ ಅಷ್ಟೇ ಆಗಿದ್ದ ಕಾಲ. ಈಗ ಚನ್ನಗಿರಿ, ಹೊಳಲ್ಕೆರೆ ಕಡೆ ಹೋಗಿ ನೋಡಿ. ಭದ್ರಾ ನಾಲೆ ನೀರು, ಕೊಳವೆ ಬಾವಿ ನಂಬಿಕೊಂಡು ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ ಎಲ್ಲ ಅಡಿಕೆ ಆಗಿದೆ. ನಮ್ಮ ಕಡೆ ಮಳೆ ಜಾಸ್ತಿಯಾಗಿ ಕೊಳೆರೋಗ ಬಂದ ವರ್ಷವೇ ಅವರಿಗೆ ಕೆರೆ ತುಂಬಿ ಭರ್ಜರಿ ಫಸಲು ಬರಬಹುದು. ಮಾಲು ಅಲ್ಲಿಂದ ಬಂದರೆ ಮಂಡಿಯಲ್ಲಿ ಧಾರಣೆ ನಮ್ಮ ಕಷ್ಟ ನೋಡಿ ಏರುತ್ತಾ? 2014ರಲ್ಲಿ ಧಾರಣೆ ಕಂಡಾಪಟ್ಟೆ ಏರಿ ಮರುವರ್ಷ ಬಿದ್ದದ್ದು ಸಭೆಯಲ್ಲಿ ಎಲ್ಲರಿಗೂ ನೆನಪಿತ್ತು. ಏರಿದ ವರ್ಷ ಕಟ್ಟಿದ ಮನೆಗಳ ಸಾಲ ಬಿದ್ದ ವರ್ಷ ಏನಾಯಿತು ಎನ್ನುವುದೂ ನೆನಪಿತ್ತು.

ರೋಗದ ಮಾತು ಬಂದಾಗ ಮಾತ್ರ ಯಾರೂ ನಗಲಿಲ್ಲ. ನಮ್ಮ ಪಟ್ಟಿಯಲ್ಲಿ 'ಬೆಳೆ ರೋಗ' ಎಂದು ಒಂದೇ ಸಾಲು ಬರೆದರೆ ಸಾಲದು ಎಂದು ನಾನು ಹಠ ಹಿಡಿದೆ. ಕೊಳೆರೋಗ ಬಂದರೆ ಆ ವರ್ಷದ ಫಸಲು ಹೋಗುತ್ತೆ, ಮರ ಉಳಿಯುತ್ತೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸರಿಯಾದ ಹೊತ್ತಿಗೆ ಹೊಡೆದಿದ್ದರೆ ಅಷ್ಟೂ ಹೋಗಲ್ಲ. ಇದಕ್ಕೆ ಸಹಕಾರಿ ಮಾಡಬೇಕಾದ್ದು ಕಂತನ್ನು ಒಂದು ವರ್ಷ ಮುಂದೆ ಹಾಕೋದು. ಎಲೆಚುಕ್ಕೆ ರೋಗದ ಕಥೆ ಬೇರೆ. 2022ರ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆ ಅದು ಜೋರಾದಾಗ ಸೋಗೆ ಒಣಗಿ ಮರವೇ ಸೊರಗಿತು. ಪೆಟ್ಟು ಒಂದು ವರ್ಷಕ್ಕೆ ಮುಗಿಯಲಿಲ್ಲ. ಇನ್ನು ಹಳದಿ ಎಲೆ ರೋಗ. ಶೃಂಗೇರಿ, ಕೊಪ್ಪದವರು ದಶಕಗಳಿಂದ ಅನುಭವಿಸುತ್ತಿದ್ದಾರೆ, ಇವತ್ತಿಗೂ ಮದ್ದಿಲ್ಲ. ಅಲ್ಲಿ ಹೋಗೋದು ತೋಟವೇ. ಕಂತು ಕಟ್ಟೋ ದುಡ್ಡೂ ಅದರದ್ದೇ, ನಾವು ಅಡಮಾನ ಇಟ್ಟುಕೊಂಡದ್ದೂ ಅದನ್ನೇ. ಸಾಲ ಸುಸ್ತಿಯಾದ ದಿನವೇ ನಮ್ಮ ಕೈಯಲ್ಲಿರೋ ಆಧಾರಕ್ಕೂ ಬೆಲೆ ಇರಲ್ಲ. ಮೂರೂ ರೋಗವೇ, ಆದರೆ ಸಹಕಾರಿಗೆ ಮೂರೂ ಬೇರೆ ಬೇರೆ ರಿಸ್ಕ್.

ಸರ್ಕಾರಿ ಆದೇಶಗಳ ರಿಸ್ಕ್ ಇನ್ನೊಂದು. ಅಡಿಕೆ ಹಾಕಿ ಮಾಡೋ ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿಯಾಗಿದೆ. ಇನ್ನೊಂದು ಕಡೆ, 2023ರಲ್ಲಿ ಕೇಂದ್ರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಊರೆಲ್ಲ ಖುಷಿಪಟ್ಟಿತು. ಒಂದು ಅಧಿಸೂಚನೆಯಿಂದ ಖುಷಿಪಡುವವರು ಇನ್ನೊಂದು ಅಧಿಸೂಚನೆಗೆ ಹೆದರಲೇಬೇಕು ಅಲ್ವಾ? ಈ ಬಗ್ಗೆ ಅಡಿಕೆ ಬೆಳೆಗಾರರ ಮುಂದೆ ಮಾತಾಡೋದು ಕಷ್ಟ. ಊರಿಗೆ ದ್ರೋಹ ಬಗೆದ ಹಾಗೆ ನೋಡುತ್ತಾರೆ. ನಾನೂ ಅಡಿಕೆ ತೋಟದ ಮನೆಯ ಮಗಳೇ ಎಂದು ಪ್ರತಿ ಸಲ ನೆನಪಿಸಬೇಕು.

ಇಷ್ಟರ ತನಕ ಸಾಲದ ಕಡೆ. ಠೇವಣಿ ಕಡೆ ನೋಡಿದಾಗ ನನಗೇ ಸ್ವಲ್ಪ ಎದೆ ಹೊಡೆದುಕೊಂಡಿತು. ಠೇವಣಿ ಇಟ್ಟವರು ಯಾರು? ಅದೇ ತೋಟದವರು, ಅದೇ ಅಂಗಡಿಯವರು. ಕೆಟ್ಟ ವರ್ಷದಲ್ಲಿ ಸಾಲಗಾರ ಕಂತು ನಿಲ್ಲಿಸುತ್ತಾನೆ, ಪಕ್ಕದ ಮನೆಯ ಠೇವಣಿದಾರ 'ಎಫ್‌ಡಿ ಮುರಿದು ಕೊಡಿ' ಅಂತ ಬರುತ್ತಾನೆ. ಎರಡೂ ಒಂದೇ ತಿಂಗಳು. ಬ್ಯಾಂಕ್ ಠೇವಣಿಗಾದರೆ 2020ರಿಂದ 5 ಲಕ್ಷ ರೂಪಾಯಿ ತನಕ ವಿಮೆ ಇದೆ. ನಮ್ಮಂಥ ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಎಷ್ಟು ಠೇವಣಿದಾರರಿಗೆ ಇದು ಗೊತ್ತು? ಕೌಂಟರ್ ಮೇಲೆ ಬೋರ್ಡ್ ಹಾಕೋಣ ಎಂದೆ. ಸಭೆ ಒಂದು ನಿಮಿಷ ಮೌನ. ಆಮೇಲೆ ಯಾರೋ ಕಾಫಿ ತರಿಸಿದರು.

ಹಾಗಾದರೆ ಕಷ್ಟಕಾಲಕ್ಕೆ ಎಂದು ಇಟ್ಟ ದುಡ್ಡು? ಅದು ಇದ್ದದ್ದು ಇದೇ ಜಿಲ್ಲೆಯ ಬೇರೆ ಸಹಕಾರಿ ಸಂಸ್ಥೆಗಳಲ್ಲಿ, ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಅಂತ. ಅವರ ಸಾಲಗಾರರೂ ಅಡಿಕೆಯವರೇ. ಪಿಎಂಸಿ ಬ್ಯಾಂಕಿನಲ್ಲೂ ಎಷ್ಟೋ ಸಹಕಾರ ಸಂಘಗಳ ಠೇವಣಿ ಸಿಕ್ಕಿಹಾಕಿಕೊಂಡಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಧಾರಣೆ ಮೂರರಲ್ಲಿ ಒಂದು ಪಾಲು ಇಳಿದು, ಅದೇ ವರ್ಷ ನಮ್ಮ ಕಡೆ ಫಸಲು ಅರ್ಧ ಆಗಿ, ಠೇವಣಿದಾರರು ಹತ್ತರಲ್ಲಿ ಇಬ್ಬರು ದುಡ್ಡು ಕೇಳಿದರೆ, ನಾವು ಎಷ್ಟು ವಾರ ಬಾಗಿಲು ತೆಗೆದಿಡಬಹುದು? ಸಿಇಒ ಒಳ್ಳೆಯ ಮನುಷ್ಯ, ಆದರೆ ಅವತ್ತು ಸಿಟ್ಟು ಬಂತು. 'ಹೀಗೆಲ್ಲ ನೋಡ್ತಾ ಹೋದ್ರೆ ಸಾಲವೇ ಕೊಡೋ ಹಾಗಿಲ್ಲ ಮೇಡಂ. ಅಡಿಕೆಗೆ ಕೊಡದೆ ಇಲ್ಲಿ ಇನ್ಯಾರಿಗೆ ಕೊಡ್ತೀರಿ?' ಅವರ ಮಾತೂ ನಿಜವೇ. ಈ ಊರಲ್ಲಿ ಅಡಿಕೆ ಬೇಡ ಅಂದರೆ ಅಂಗಡಿ ಮುಚ್ಚಬೇಕು. ಅಡಿಕೆಗೆ ಕೊಡಬೇಡಿ ಅಂತ ನಾನೂ ಹೇಳಲಿಲ್ಲ. ಎಷ್ಟು ನಷ್ಟ ತಡೆಯೋ ಶಕ್ತಿ ನಮಗಿದೆ ಅನ್ನೋ ಅಂಕಿ ಮಂಡಳಿಯ ಮುಂದೆ ಇರಲಿ, ಆ ಅಂಕಿ ದಾಟುವ ಮುಂಚೆ ಮಂಡಳಿಯನ್ನು ಕೇಳಲಿ ಅಂತ ಅಷ್ಟೇ. ಅವರು ಲೆಕ್ಕ ಹಾಕಿ ತಂದರು. ಉತ್ತರ ಎಂಟು ವಾರಕ್ಕಿಂತ ಕಡಿಮೆ. ಮುಂದಿನ ಸಭೆಯಿಂದ ರಿಸ್ಕ್ ವರದಿ ಅಜೆಂಡಾದಲ್ಲಿ ಎರಡನೇ ವಿಷಯ ಆಯಿತು, ನಡವಳಿ ಓದಿದ ಕೂಡಲೇ.

ಇನ್ನೊಂದು ಬದಲಾವಣೆ ನನಗೆ ಎಲ್ಲಕ್ಕಿಂತ ಇಷ್ಟ. ಪಿಗ್ಮಿ ಕಲೆಕ್ಷನ್ ಮಾಡುವವರನ್ನು, ಅಂದರೆ ದಿನಾ ಮನೆ, ಅಂಗಡಿಗೆ ಹೋಗಿ ಸಣ್ಣ ಸಣ್ಣ ಉಳಿತಾಯದ ದುಡ್ಡು ತರುವವರನ್ನು, ಮೂರು ತಿಂಗಳಿಗೊಮ್ಮೆ ಸಭೆಗೆ ಕರೆಯುತ್ತೇವೆ. ಪಿಗ್ಮಿ ನಮ್ಮ ಕರಾವಳಿಯದ್ದೇ ಕಲ್ಪನೆ, 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದ್ದು. ಉಳಿತಾಯಕ್ಕೆ ಎಂದು ಮಾಡಿದ್ದು ರಿಸ್ಕ್ ಅಳೆಯೋಕೂ ಇಷ್ಟು ಚೆನ್ನಾಗಿ ಒದಗುತ್ತೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ. ಮೊದಲ ಸಲ ಬಂದ ಹುಡುಗ ಕುರ್ಚಿಯ ತುದಿಯಲ್ಲಿ ಕೂತು, ಮಷಿನ್ ತೊಡೆ ಮೇಲಿಟ್ಟುಕೊಂಡು ಹೇಳಿದ: 'ಸರ್ಕಲ್ ಹತ್ರ ಹೋಟೆಲಿನವರು ದಿನಾ 200 ಕಟ್ತಿದ್ರು, ಈಗ 50. ಗ್ಯಾರೇಜಿನವರು ನಾಳೆ ಬಾ ಅಂತಾರೆ. ಗೊಬ್ಬರದ ಅಂಗಡೀಲಿ ಉದ್ರಿ ಪುಸ್ತಕ ಎರಡಾಗಿದೆ.' ಸುಸ್ತಿ ಪಟ್ಟಿಯಲ್ಲಿ ಇವರ್ಯಾರ ಹೆಸರೂ ಇರಲಿಲ್ಲ. ಸಾಲದ ಕಂತು ಮೂರು ತಿಂಗಳು ನಿಂತ ಮೇಲೆ ಕಂಪ್ಯೂಟರ್‌ಗೆ ಗೊತ್ತಾಗೋದು ಈ ಹುಡುಗನಿಗೆ ಆಗಲೇ ಗೊತ್ತಿತ್ತು. ಇಷ್ಟು ವರ್ಷ ಯಾರೂ ಅವನನ್ನು ಕೇಳಿರಲಿಲ್ಲ, ಅಷ್ಟೇ.

ಮೀಸಲು ದುಡ್ಡಿನ ಒಂದು ಭಾಗ ಈಗ ಜಿಲ್ಲೆಯ ಆಚೆಗೆ, ರಾಷ್ಟ್ರೀಕೃತ ಬ್ಯಾಂಕಿಗೆ ಹೋಗಿದೆ. ಬಡ್ಡಿ ಕಡಿಮೆ ಎಂದು ಗೊಣಗಾಟ ಇದ್ದೇ ಇದೆ. ಹೊಸ ತೋಟ ಸಾಲಕ್ಕೆ ತೋಟದಲ್ಲಿ ಹಳದಿ ರೋಗ ಇದೆಯೋ ಇಲ್ಲವೋ ಎಂದು ಹೋಗಿ ನೋಡಿ ಬರೆಯಬೇಕು, ಪಹಣಿ ನೋಡಿದರೆ ಸಾಲದು. ರಿಸ್ಕ್ ವರದಿಯಲ್ಲಿದ್ದ ವಿದೇಶಿ ವಿನಿಮಯದ ಆ ಒಂದು ಸಾಲನ್ನು ಹೊಡೆದು ಹಾಕಿದ್ದೇವೆ. ಠೇವಣಿ ವಿಮೆಯ ಬೋರ್ಡ್ ಇನ್ನೂ ಬಂದಿಲ್ಲ, ಕೇಳುತ್ತಲೇ ಇದ್ದೇನೆ.

ಸಿಕ್ಕಿಹಾಕಿಕೊಂಡಿರುವುದು ಜಾಮೀನಿನ ಠರಾವು. ಪಟ್ಟಿ ನೋಡುವಾಗ ಕಂಡದ್ದು: ಇವರಿಗೆ ಅವರು ಜಾಮೀನು, ಅವರಿಗೆ ಇವರು. ಕೆಲವು ಹೆಸರು ಪುಟ ತಿರುಗಿಸಿದಲ್ಲೆಲ್ಲ ಬರುತ್ತೆ. ಒಬ್ಬ ಸದಸ್ಯ ಎರಡು ಸಾಲಕ್ಕಿಂತ ಜಾಸ್ತಿ ಜಾಮೀನು ನಿಲ್ಲಬಾರದು, ನಿರ್ದೇಶಕರು ಯಾರಿಗೂ ಜಾಮೀನು ನಿಲ್ಲಲೇಬಾರದು ಎಂದು ಕರಡು ಬರೆದುಕೊಟ್ಟೆ. ಮೊದಲ ಸಲ 'ಮುಂದಿನ ಸಭೆಗೆ' ಎಂದು ಹೋಯಿತು. ಆಮೇಲೆ 'ಕಾನೂನು ಸಲಹೆ ಪಡೆದು' ಎಂದಾಯಿತು. ಪುಟ ತಿರುಗಿಸಿದಲ್ಲೆಲ್ಲ ಬರುವ ಹೆಸರುಗಳಲ್ಲಿ ಎರಡು ಅದೇ ಮೇಜಿನ ಸುತ್ತ ಕೂತಿವೆ. ಮಂಡಳಿ ಚುನಾವಣೆಯೂ ಹತ್ತಿರ ಬಂತು, ಜಾಮೀನು ಸಿಗದ ಸಾಲಗಾರನ ಓಟು ಯಾರಿಗೂ ಬೇಡವಾಗಿಲ್ಲ. ಕರಡನ್ನು ಈ ತಿಂಗಳ ಅಜೆಂಡಾಗೂ ಮತ್ತೆ ಕಳಿಸಿದ್ದೇನೆ.