ಕಿತ್ತಳೆ ತಲೆಯ ಕಂಬಗಳು

ಫೆಬ್ರವರಿ 25, 2025, ಮಂಗಳವಾರ
ವಾಲ್ ತೊರಾನ್ಸ್, ಫ್ರಾನ್ಸ್

ಕಾಲೆಲ್ಲ ನೋವು. ಆದರೂ ಬರೆಯದೆ ಮಲಗಲು ಮನಸ್ಸಿಲ್ಲ.

ಮಗಳ ಶಾಲೆಗೆ ರಜೆ ಸಿಕ್ಕ ದಿನವೇ ಲಿಯೋನ್‌ನಿಂದ ಹೊರಟು ಬಂದೆವು. ಹಾಸನದಿಂದ ಬಂದಿರುವ ಅತ್ತೆಯೂ ಜೊತೆಗಿದ್ದಾರೆ. ಯುರೋಪಿನಲ್ಲಿ ಸ್ಕೀ, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವ ಆಟ, ಆಡುವ ಊರುಗಳಲ್ಲೇ ಅತಿ ಎತ್ತರದ್ದು ಅಂತ ಇದಕ್ಕೆ ಹೆಸರು. 2,300 ಮೀಟರ್. ನಾವು ಮಲಗುವ ಕೋಣೆಯೇ ಮುಳ್ಳಯ್ಯನಗಿರಿಯ ತುದಿಗಿಂತ 350 ಮೀಟರ್‌ಗೂ ಜಾಸ್ತಿ ಮೇಲಿದೆ! ಇಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ಮೊದಲ ರಾತ್ರಿ ತೆರೆದ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಬೇಯಲೇ ಇಲ್ಲ. ಪುಣ್ಯಕ್ಕೆ ಅತ್ತೆ ಹಟ ಹಿಡಿದು ಕಾರಿನಲ್ಲಿ ಕುಕ್ಕರ್ ಹಾಕಿಸಿದ್ದರು.

ನನಗೆ ಈ ಊರು ಇಷ್ಟವಾಗಿದ್ದು ಯಾಕೆಂದರೆ, ಒಂದೇ ಬೆಟ್ಟದಲ್ಲಿ ನಮ್ಮ ನಾಲ್ವರಿಗೂ ಜಾಗವಿದೆ. ಫ್ರಾನ್ಸ್‌ನಲ್ಲಿ ಇಳಿಜಾರುಗಳಿಗೆ ನಾಲ್ಕು ಬಣ್ಣ: ಹಸಿರು ತೀರ ಸುಲಭ, ಆಮೇಲೆ ನೀಲಿ, ಕೆಂಪು, ಕಡೆಗೆ ಕಪ್ಪು. ಇವರು ಕೆಂಪಿಗೆ ಹೋಗುತ್ತಾರೆ. ಎಂಟು ವರ್ಷದ ಪುಟ್ಟಿ ನೀಲಿಯಲ್ಲಿ. ನಾನು ಹಸಿರಿನಲ್ಲಿ. ಅತ್ತೆ ಸ್ಕೀ ಕಟ್ಟದೆಯೇ ನಮ್ಮೆಲ್ಲರಿಗಿಂತ ಮೇಲೆ ಹೋಗಿ ಬಂದರು.

ಬೆಳಿಗ್ಗೆ ಇವರು ಅವರನ್ನು ಕೇಬಲ್ ಕಾರಿನಲ್ಲಿ ಸೀಮ್ ಕಾರೋನ್ ತುದಿಗೆ ಕರೆದುಕೊಂಡು ಹೋಗಿದ್ದರು. 3,200 ಮೀಟರ್ ಎತ್ತರ. ಒಂದು ಡಬ್ಬಿಯಲ್ಲಿ 150 ಜನ ಹಿಡಿಯುತ್ತಾರೆ. ನಡೆದಾಡಲು ಬಂದವರೂ ಹತ್ತಬಹುದು. ಮೇಲೆ ಗಾಳಿ ತೆಳು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತಂತೆ. ದೂರದಲ್ಲಿ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೋಂಬ್ಲಾ ಕಂಡಾಗ ಚಪ್ಪಲಿ ಬಿಡುವ ಹಾಗೆ ಬೂಟಿಗೆ ಕೈ ಹಾಕಿದರಂತೆ. ಇವರು ತಡೆದು, "ಅಮ್ಮ, ಇಲ್ಲೇ ಕೈ ಮುಗಿದರೆ ಸಾಕು" ಎಂದರಂತೆ. ಅದನ್ನು ಕೇಳಿ ನನಗೆ ಗಂಟಲು ಕಟ್ಟಿತು.

ನನ್ನ ಕಲಿಕೆ ನಿಧಾನ. ಮಕ್ಕಳಿಗೆ ಇಲ್ಲಿ "ಪಿಜ್ಜಾ" ಅಂತ ಹೇಳಿಕೊಡುತ್ತಾರೆ. ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ಅಗಲ, ಪಿಜ್ಜಾ ತುಂಡಿನ ಆಕಾರ. ಹಾಗೆ ಮಾಡಿದರೆ ವೇಗ ಇಳಿಯುತ್ತದೆ. ತಿರುಗಲು ಹೊರಗಿನ ಕಾಲಿಗೆ ಭಾರ ಕೊಡಬೇಕು. ಹೆದರಿದಾಗ ಮೈ ತಾನಾಗಿ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ಅಲ್ಲೇ ಸ್ಕೀ ಕೈಬಿಟ್ಟು ಹೋಗುವುದು. ಮುಂದಕ್ಕೆ ಬಾಗು, ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಲಿ, ಕಣ್ಣು ದೂರಕ್ಕಿರಲಿ ಅಂತ ಮೇಷ್ಟ್ರು ಮೂರು ದಿನದಿಂದ ಹೇಳುತ್ತಲೇ ಇದ್ದಾರೆ. ಇವತ್ತು ಮೊದಲ ಸಲ ಮೈ ಆ ಮಾತು ಕೇಳಿತು. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೆ. ಹನ್ನೊಂದು ತಿರುವು, ಒಂದೂ ಬೀಳಲಿಲ್ಲ.

ಧೈರ್ಯ ಬಂತು. ಮಧ್ಯಾಹ್ನ ಪುಟ್ಟಿಯ ಜೊತೆ ನೀಲಿಗೆ ಹೋದೆ. ಅರ್ಧ ಇಳಿದಿದ್ದೆವು, ಮಂಜು ಮುಸುಕಿತು. ಇಷ್ಟು ಎತ್ತರದಲ್ಲಿ ಮರ ಬೆಳೆಯುವುದಿಲ್ಲ. ಹಿಮ ಬಿಳಿ, ಮೋಡ ಬಿಳಿ, ನಡುವೆ ಗುರುತಿಗೆ ಒಂದು ಗಿಡವೂ ಇಲ್ಲ. ಇಳಿಜಾರು ಯಾವ ಕಡೆಗಿದೆ ಅಂತಲೇ ತಿಳಿಯಲಿಲ್ಲ. ನಿಂತಿದ್ದೇನೋ ಜಾರುತ್ತಿದ್ದೇನೋ ಅನ್ನುವಷ್ಟು ಗೊಂದಲ. ನಿಜವಾಗಿ ಹೆದರಿದೆ.

"ಅಮ್ಮಾ, ಕಂಬ ನೋಡು. ಕಿತ್ತಳೆ ತಲೆ ಇರೋದು ಯಾವಾಗಲೂ ಬಲಗಡೆ."

ಹೌದಲ್ವಾ! ದಾರಿಯ ಎರಡೂ ಅಂಚಿಗೆ ಕಂಬ ನೆಟ್ಟಿರುತ್ತಾರೆ. ಕೆಳಗಿಳಿಯುವವರ ಬಲಕ್ಕಿರುವ ಕಂಬದ ತುದಿಗೆ ಮಾತ್ರ ಕಿತ್ತಳೆ ಬಣ್ಣ. ನಂಬರ್ ಕೂಡ ಇರುತ್ತದೆ, ಕೆಳಗೆ ಹೋದ ಹಾಗೆ ಕಡಿಮೆಯಾಗಿ ಒಂದಕ್ಕೆ ಮುಗಿಯುತ್ತದೆ. ಇದನ್ನು ಸ್ಕೀ ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ನಾವು ಒಂಬತ್ತನೇ ಕಂಬದ ಹತ್ತಿರ ಇದ್ದೆವು. ಪುಟ್ಟಿ ಮುಂದೆ, ನಾನು ಅವಳ ಕೆಂಪು ಹೆಲ್ಮೆಟ್ ನೋಡುತ್ತಾ ಹಿಂದೆ. ಒಂದು ಕಂಬ ಮುಟ್ಟಿ ನಿಲ್ಲುವುದು, ಮುಂದಿನದು ಕಂಡ ಮೇಲೆ ಹೊರಡುವುದು. "ಎಂಟು... ಏಳು..." ಅಂತ ಅವಳು ಜೋರಾಗಿ ಕೂಗುತ್ತಿದ್ದಳು. ನಾಲ್ಕಕ್ಕೆ ಬಂದಾಗ ಲಿಫ್ಟ್‌ನ ಸದ್ದು ಕೇಳಿಸಿತು.

ಕೆಳಗೆ ಅತ್ತೆ ಫ್ಲಾಸ್ಕ್ ಹಿಡಿದು ಕಾಯುತ್ತಿದ್ದರು. ಪುಟ್ಟಿಗೆ ಬಿಸಿ ಹಾಲು, ನನಗೆ ಕಾಫಿ. ಕೈ ನಡುಗುತ್ತಿತ್ತು. ಅವರೇ ಲೋಟ ಹಿಡಿದು ಕುಡಿಸಿದರು.

ನಾಳೆ ಬಿಸಿಲಿದ್ದರೆ ಅದೇ ನೀಲಿಗೆ ಇನ್ನೊಮ್ಮೆ ಹೋಗಬೇಕು. ಅಲ್ಲಿಂದ ಏನೇನು ಕಾಣುತ್ತದೆ ಅಂತ ನೋಡಬೇಕು.